ಬೇರೆ ಪಾತ್ರೆಯ ಪಥ್ಯ

ಮನೆಯಲ್ಲಿ ಒಬ್ಬರಿಗೆ ಕಿಡ್ನಿಯ ಕಾಯಿಲೆ ಎಂದು ವೈದ್ಯರು ಹೇಳಿದ ಮರುದಿನವೇ ನಮ್ಮ ಊರಿನ ಅಡುಗೆಮನೆಗಳಲ್ಲಿ ಒಂದು ಸಣ್ಣ ಪಾತ್ರೆ ಬೇರೆಯಾಗಿ ಒಲೆ ಏರುತ್ತದೆ. ಅದರಲ್ಲಿ ಉಪ್ಪಿಲ್ಲ, ಹುಳಿಯಿಲ್ಲ, ಒಂದು ಒಗ್ಗರಣೆ ಕೂಡ ಇಲ್ಲ. ರಾತ್ರಿ ಮನೆಯವರೆಲ್ಲ ಬಂಗುಡೆ ಪುಳಿಮುಂಚಿಗೋ ಬಸಳೆ ಸಾಂಬಾರಿಗೋ ಅನ್ನ ಕಲಸುತ್ತಿರುವಾಗ ಕಾಯಿಲೆಯವರ ಬಟ್ಟಲಿಗೆ ಮಾತ್ರ ಬಿಳಿಚಿಕೊಂಡ ಸೋರೆಕಾಯಿ ಬೀಳುತ್ತದೆ. ಅವರು ನಾಲ್ಕು ತುತ್ತು ತಿಂದು ಕೈ ತೊಳೆಯುತ್ತಾರೆ. "ಎಂತ ಮಾಡುದು, ಪಥ್ಯ ಅಲ್ವಾ" ಎಂದು ಉಳಿದವರು ಸಮಾಧಾನ ಮಾಡಿಕೊಳ್ಳುತ್ತಾರೆ.

ಇದನ್ನು ಪಥ್ಯ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಒಬ್ಬರನ್ನು ಮನೆಯ ಪಂಕ್ತಿಯಿಂದ ಎಬ್ಬಿಸಿ ಕಳಿಸುವ ಕ್ರಮ ಇದು. ಈ ಬೇರೆ ಪಾತ್ರೆಯಿಂದ ಕಾಯಿಲೆಯವರಿಗೂ ಒಳ್ಳೆಯದಾಗುವುದಿಲ್ಲ, ಬೇಯಿಸುವವಳಿಗೂ ಇಲ್ಲ, ಉಳಿದವರಿಗೂ ಇಲ್ಲ ಎಂಬುದು ನನ್ನ ವಾದ.

ಮಂಗಳೂರು ಆಸ್ಪತ್ರೆಗಳ ಊರು. 1848ರಲ್ಲಿ ಶುರುವಾದ ವೆನ್ಲಾಕ್ ಆಸ್ಪತ್ರೆಯಿಂದ ಹಿಡಿದು ನಿನ್ನೆ ಮೊನ್ನೆಯ ಎತ್ತರದ ಕಟ್ಟಡಗಳವರೆಗೆ ಇಲ್ಲಿ ಚಿಕಿತ್ಸೆಗೆ ಕೊರತೆಯಿಲ್ಲ. ಕಾಸರಗೋಡಿನಿಂದ, ಮಡಿಕೇರಿಯಿಂದ, ಚಿಕ್ಕಮಗಳೂರಿನ ಕಡೆಯಿಂದ ಜನ ಬರುತ್ತಾರೆ. 2016ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಕೊಡುವ ಕಾರ್ಯಕ್ರಮವನ್ನು ಘೋಷಿಸಿದ ಮೇಲೆ ಯಂತ್ರದ ವಿಷಯ ಸಾಕಷ್ಟು ಚರ್ಚೆಯಾಯಿತು. ಒಳ್ಳೆಯದೇ. ಆದರೆ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆ ಎಂದರೆ ಯಂತ್ರದ ಪಾಲಿಗೆ ಬರುವುದು 12 ಗಂಟೆ. ವಾರದಲ್ಲಿರುವುದು 168 ಗಂಟೆ. ಉಳಿದ 156 ಗಂಟೆ ಆ ಮನುಷ್ಯ ನಮ್ಮ ಅಡುಗೆಯ ಮೇಲೆ ಬದುಕಬೇಕು. ಆ 156 ಗಂಟೆಗಳ ಬಗ್ಗೆ ಮನೆಯ ಹೆಂಗಸಿನೊಡನೆ ಕೂತು ಮಾತಾಡುವವರು ಎಷ್ಟು ಮಂದಿ?

ಮಾತಿನ ಬದಲು ಅವಳ ಕೈಗೆ ಒಂದು ಹಾಳೆ ಸಿಗುತ್ತದೆ. ನಮ್ಮ ಸಂಬಂಧಿಕರೊಬ್ಬರಿಗೆ ನಗರದ ಆಸ್ಪತ್ರೆಯೊಂದರಲ್ಲಿ ಕೊಟ್ಟ ಅಂಥ ಹಾಳೆಯನ್ನು ನಾನು ನೋಡಿದ್ದೇನೆ. ಇಂಗ್ಲಿಷಿನಲ್ಲಿತ್ತು. ತಿನ್ನಬಹುದಾದ ಹಣ್ಣುಗಳ ಸಾಲಿನಲ್ಲಿ ಕ್ರ್ಯಾನ್‌ಬೆರಿ, ಬ್ಲೂಬೆರಿ! ತಿನ್ನಬಾರದ ಸಾಲಿನಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಸೊಪ್ಪು, ಬೇಳೆ. ತೊಂಡೆಕಾಯಿಯ ಹೆಸರೇ ಇರಲಿಲ್ಲ, ನೀರುದೋಸೆ ತಿನ್ನಬಹುದೇ ಎಂಬುದಕ್ಕೆ ಉತ್ತರವಿರಲಿಲ್ಲ. 'ಬೇಡ' ಎಂಬ ಪದವನ್ನು ಇಪ್ಪತ್ತು ಸಲ ಓದಿದವಳು ಮಾಡುವುದೇನು? ಹೆದರಿ ಎಲ್ಲವನ್ನೂ ಬಿಟ್ಟು ಸೋರೆಕಾಯಿ ಬೇಯಿಸುತ್ತಾಳೆ. ಬೇರೆ ಪಾತ್ರೆ ಹುಟ್ಟಿದ್ದು ಹೀಗೆ. ಅದಕ್ಕೆ ಹೆಂಗಸರ ಅಜ್ಞಾನ ಕಾರಣವಲ್ಲ. ಅವಳಿಗೆ ಅವಳ ಅಡುಗೆಯ ಭಾಷೆಯಲ್ಲಿ ಯಾರೂ ಹೇಳಿಲ್ಲ, ಅಷ್ಟೆ.

ಹಾಳೆ ಹೇಳದ್ದನ್ನು ನೆರೆಕರೆಯವರು ಹೇಳುತ್ತಾರೆ. "ಬೊಂಡ ಕುಡಿಸಿ ಅಕ್ಕ, ತಂಪು. ಬಾಳೆದಿಂಡಿನ ರಸ ಕೊಡಿ. ಬಾರ್ಲಿ ನೀರು ಕೊಡಿ. ನೀರು ಮಾತ್ರ ಧಾರಾಳ ಕುಡೀಬೇಕು." ಇವೆಲ್ಲ ಕಿಡ್ನಿಯಲ್ಲಿ ಕಲ್ಲಾದವರಿಗೆ ಹೇಳುವ ಮಾತುಗಳು. ಕಲ್ಲು ಬೇರೆ, ಕಿಡ್ನಿ ಸೋಲುವುದು ಬೇರೆ. ಸೋತ ಕಿಡ್ನಿಗೆ ಪೊಟ್ಯಾಸಿಯಂ ಎಂಬ ಲವಣವನ್ನು ಹೊರಹಾಕಲು ಆಗುವುದಿಲ್ಲ. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಎಳನೀರಿನಲ್ಲಿ ಇರುವುದು ಮುಖ್ಯವಾಗಿ ಅದೇ. ಪ್ರೀತಿಯಿಂದ ಕೆತ್ತಿ ಕೊಟ್ಟ ಒಂದು ಬೊಂಡ ರಾತ್ರೋರಾತ್ರಿ ಆಸ್ಪತ್ರೆಗೆ ಓಡಿಸಬಹುದು. ಹಿತ್ತಲಿನ ಬಿಂಬುಳಿ, ದಾರೆಹುಳಿಗಳ ಕಥೆ ಇನ್ನೂ ಕೆಟ್ಟದ್ದು. ಬಿಂಬುಳಿಯ ರಸವನ್ನು ಔಷಧಿಯೆಂದು ಕುಡಿದು ಕಿಡ್ನಿ ಕೆಡಿಸಿಕೊಂಡವರ ಬಗ್ಗೆ ಕೇರಳದ ವೈದ್ಯರು 2013ರಲ್ಲೇ ಬರೆದಿದ್ದಾರೆ. ದಾರೆಹುಳಿಯಲ್ಲಿರುವ ವಿಷ ಕಿಡ್ನಿ ಸೋತವರ ಮಿದುಳಿಗೇ ಏರುತ್ತದೆ. ಇವೆರಡೂ ಅವರ ಬಾಯಿಗೆ ಹೋಗಲೇಕೂಡದು. ನಿಜಕ್ಕೂ ಬೇಡ ಎನ್ನಬೇಕಾದ ಇವುಗಳ ಹೆಸರು ನಾನು ನೋಡಿದ ಹಾಳೆಯಲ್ಲಿ ಇರಲಿಲ್ಲ.

ಇನ್ನು ನಮ್ಮ ಗಂಜಿ. ಕಾಯಿಲೆ ಬಿದ್ದವರಿಗೆ ಗಂಜಿ ಎಂಬುದು ಅಜ್ಜಿಯ ಕಾಲದಿಂದ ಬಂದ ನಂಬಿಕೆ. ಜ್ವರಕ್ಕೆ ಅದು ಸರಿ. ಆದರೆ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವ, ಮೂತ್ರ ಕಡಿಮೆಯಾದವರಿಗೆ ದಿನಕ್ಕೆ ಇಷ್ಟೇ ನೀರು ಎಂಬ ಲೆಕ್ಕವಿರುತ್ತದೆ. ಗಂಜಿಯ ತಿಳಿ ಆ ಲೆಕ್ಕಕ್ಕೆ ಸೇರಬೇಕಾದ ನೀರೇ. ಜೊತೆಗೆ ಒಂದು ಮಿಡಿ ಉಪ್ಪಿನಕಾಯಿ, ಒಂದು ಚೂರು ಒಣಮೀನು! ಉಪ್ಪು ತಿಂದವರಿಗೆ ಬಾಯಾರುತ್ತದೆ, ಬಾಯಾರಿದವರು ನೀರು ಕುಡಿಯುತ್ತಾರೆ, ಕುಡಿದ ನೀರು ಕಾಲಿಗೆ, ಶ್ವಾಸಕೋಶಕ್ಕೆ ಇಳಿಯುತ್ತದೆ. ಅವರಿಗೆ ರಾತ್ರಿ ಗಂಜಿಗಿಂತ ನೀರು ಬಸಿದ ಅನ್ನ, ನೀರುದೋಸೆ, ಒತ್ತುಶ್ಯಾವಿಗೆ ಎಷ್ಟೋ ವಾಸಿ.

ಬೇರೆ ಪಾತ್ರೆಯ ದೊಡ್ಡ ದೋಷ ಇನ್ನೊಂದಿದೆ. ಅದು ಒಮ್ಮೆ ಒಲೆ ಏರಿತೆಂದರೆ ಬದಲಾಗುವುದೇ ಇಲ್ಲ. ಕಾಯಿಲೆ ಮಾತ್ರ ಬದಲಾಗುತ್ತಾ ಹೋಗುತ್ತದೆ. ಡಯಾಲಿಸಿಸ್‌ಗೆ ಮುಂಚೆ ಸಸಾರಜನಕ ಮಿತಿಯಲ್ಲಿರಬೇಕು. ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ 0.8 ಗ್ರಾಂ ಎಂದು 2024ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಡಯಾಲಿಸಿಸ್ ಶುರುವಾದ ಮೇಲೆ ಲೆಕ್ಕ ತಿರುಗುತ್ತದೆ, ಏಕೆಂದರೆ ಯಂತ್ರ ಕಸದ ಜೊತೆಗೆ ಸತ್ವವನ್ನೂ ಸ್ವಲ್ಪ ತೊಳೆದುಬಿಡುತ್ತದೆ. ಆಗ ಕಿಲೋ ಒಂದಕ್ಕೆ 1ರಿಂದ 1.2 ಗ್ರಾಂ ಬೇಕು ಎನ್ನುತ್ತದೆ ಅಮೆರಿಕದ ನ್ಯಾಶನಲ್ ಕಿಡ್ನಿ ಫೌಂಡೇಶನ್ನಿನ 2020ರ ಮಾರ್ಗಸೂಚಿ. ಅರುವತ್ತು ಕಿಲೋ ತೂಕದವರಿಗೆ 48 ಗ್ರಾಂ ಇದ್ದದ್ದು 60ರಿಂದ 72 ಗ್ರಾಂ ಆಗಬೇಕು. ನಮ್ಮ ಮನೆಗಳಲ್ಲಿ ಆಗುತ್ತದೆಯೇ? ಮೂರು ವರ್ಷ ಹಿಂದೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಳೆ ಈಗಲೂ ಅಲ್ಲೇ ಇದೆ. ಮೀನಿಲ್ಲ, ಮೊಟ್ಟೆಯಿಲ್ಲ, ಬೇಳೆಯಿಲ್ಲ. ಯಂತ್ರದಿಂದ ಸುಸ್ತಾಗಿ ಬಂದವರಿಗೆ ಅದೇ ಸೋರೆಕಾಯಿ. "ಡಯಾಲಿಸಿಸ್ ಮಾಡಿದ ಮೇಲೆ ತುಂಬಾ ಇಳಿದು ಹೋದರು" ಎಂದು ಆಮೇಲೆ ನಾವೇ ಮರುಗುತ್ತೇವೆ. ಅವರಲ್ಲಿ ಹಲವರನ್ನು ಇಳಿಸಿದ್ದು ಕಾಯಿಲೆಯೊಂದೇ ಅಲ್ಲ, ಹಸಿವು ಕೂಡ.

ಹಾಗಾದರೆ ರಾತ್ರಿಗೆ ಮಾಡುವುದೇನು ಎಂದು ಕೇಳುತ್ತೀರಿ. ಪಾತ್ರೆ ಒಂದೇ ಇರಲಿ, ಕೊನೆಯಲ್ಲಿ ಕವಲೊಡೆಯಲಿ ಎನ್ನುತ್ತೇನೆ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಕುದಿಸಿ, ಆ ನೀರನ್ನು ಚೆಲ್ಲಿ. ಪೊಟ್ಯಾಸಿಯಂನ ದೊಡ್ಡ ಪಾಲು ಅದರ ಜೊತೆ ಹೋಗುತ್ತದೆ. "ನೀರು ಚೆಲ್ಲಿದರೆ ಸತ್ವ ಹೋಯಿತು" ಎಂದು ನಮಗೆ ಕಲಿಸಿದ್ದಾರೆ. ಇಲ್ಲಿ ಹೋಗಬೇಕಾದದ್ದೇ ಆ ಸತ್ವ. ಕುಕ್ಕರಿನಲ್ಲಿ ಬೇಯಿಸಿ ಅದರ ನೀರನ್ನೇ ಸಾರಿಗೆ ಸುರಿದರೆ ಪ್ರಯೋಜನವಿಲ್ಲ. ಆಮೇಲೆ ಸಾಸಿವೆ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಕೊಡಿ. ಕಾಳುಮೆಣಸಿನ ಪುಡಿ ಉದುರಿಸಿ, ನಿಂಬೆ ಹಿಂಡಿ. ನಾಲ್ಕು ಜನರ ಪಲ್ಯಕ್ಕೆ ಒಂದು ಹಿಡಿ ಕಾಯಿತುರಿ ಹಾಕಿದರೆ ಒಬ್ಬರ ಪಾಲಿಗೆ ಬರುವುದು ಒಂದೆರಡು ಚಮಚ, ಅಷ್ಟಕ್ಕೆ ಆಕಾಶ ಬೀಳುವುದಿಲ್ಲ. ಉಪ್ಪು ಹಾಕುವ ಮುಂಚೆ ಕಾಯಿಲೆಯವರ ಪಾಲನ್ನು ತೆಗೆದು ಅದಕ್ಕೆ ಅಳತೆಯ ಚಿಟಿಕೆ ಹಾಕಿ, ಉಳಿದದ್ದಕ್ಕೆ ನಿಮ್ಮ ಲೆಕ್ಕ. ಎಲ್ಲರ ಬಟ್ಟಲಲ್ಲೂ ಅದೇ ಪಲ್ಯ ಇರುತ್ತದೆ.

ಒಂದು ರಾತ್ರಿ ನೀರುದೋಸೆಗೆ ಹೀರೆಕಾಯಿ ಪಲ್ಯ. ಇನ್ನೊಂದು ರಾತ್ರಿ ಒತ್ತುಶ್ಯಾವಿಗೆಗೆ ನಿಂಬೆಹುಳಿಯ ಒಗ್ಗರಣೆ. ಮತ್ತೊಂದು ರಾತ್ರಿ ಬೆಳ್ತಿಗೆ ಅನ್ನ, ತೊಂಡೆಕಾಯಿ ಪಲ್ಯ, ಪಡುವಲಕಾಯಿಯ ಗಟ್ಟಿ ಗಸಿ. ಡಯಾಲಿಸಿಸ್‌ನವರಿದ್ದರೆ ಜೊತೆಗೆ ದಕ್ಕೆಯಿಂದ ಬಂದ ತಾಜಾ ಕಾಣೆಯೋ ಬಂಗುಡೆಯೋ ಒಂದು ತುಂಡು, ಇಲ್ಲವೇ ಈರುಳ್ಳಿ ಹಾಕಿ ಹುರಿದ ಎರಡು ಮೊಟ್ಟೆಯ ಬಿಳಿ. ಬೂತಾಯಿಯಾದರೆ ಮುಳ್ಳು ತೆಗೆದು ತಿನ್ನಲಿ, ಮುಳ್ಳಿನಲ್ಲಿರುವ ರಂಜಕ ಅವರಿಗೆ ಆಗದು. ಮೀನು ಮೊಟ್ಟೆ ತಿನ್ನದ ಮನೆಯಲ್ಲಿ ವೈದ್ಯರು ಹೇಳಿದ ಅಳತೆಗೆ ಹೆಸರುಬೇಳೆ, ಸ್ವಲ್ಪ ಮೊಸರು. ಬೇಳೆಯಲ್ಲಿ ರಂಜಕವಿದೆ ನಿಜ, ಆದರೆ ಅದರ ಪೂರ್ತಿ ಪಾಲು ದೇಹಕ್ಕೆ ಹಿಡಿಯುವುದಿಲ್ಲ. ಪೊಟ್ಟಣದ ತಿಂಡಿಗೂ ಕಪ್ಪು ಬಣ್ಣದ ಪಾನೀಯಗಳಿಗೂ ಬೆರೆಸುವ ರಂಜಕ ಹೆಚ್ಚುಕಡಿಮೆ ಪೂರ್ತಿ ಹಿಡಿಯುತ್ತದೆ. ಬೇಳೆಗೆ ಹೆದರಿ ಮಿಕ್ಸ್‌ಚರಿನ ಪೊಟ್ಟಣ ಒಡೆಯುವ ಬುದ್ಧಿವಂತಿಕೆ ಬೇಡ. ಸಂಜೆ ಚಹಾದ ಜೊತೆಯ ಗೋಳಿಬಜೆ, ಬನ್ಸುಗಳ ಸೋಡಾ ಕೂಡ ಉಪ್ಪಿನ ಲೆಕ್ಕಕ್ಕೇ ಸೇರುತ್ತದೆ. ಯಾರಿಗೆ ಎಷ್ಟು ಎಂಬುದನ್ನು ಅವರವರ ರಕ್ತದ ವರದಿ ನೋಡಿ ವೈದ್ಯರೇ ಹೇಳಬೇಕು. ವರದಿ ಬದಲಾದ ಹಾಗೆ ಫ್ರಿಜ್ಜಿನ ಬಾಗಿಲಿನ ಹಾಳೆಯೂ ಬದಲಾಗಬೇಕು. ಆದರೆ ಊಟವನ್ನೇ ಬಿಡಿಸಬೇಡಿ. ಸಕ್ಕರೆ ಕಾಯಿಲೆಯೂ ಇದ್ದವರಲ್ಲಿ ಸೋತ ಕಿಡ್ನಿ ಇನ್ಸುಲಿನ್ನನ್ನು ಬೇಗ ಕರಗಿಸುವುದಿಲ್ಲ. ರಾತ್ರಿ ಅರೆಹೊಟ್ಟೆಯಲ್ಲಿ ಮಲಗಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

"ಒಬ್ಬರ ಕಾಯಿಲೆಗೆ ಮನೆಮಂದಿಯೆಲ್ಲ ಯಾಕೆ ಸಪ್ಪೆ ಉಣ್ಣಬೇಕು?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಪೊಟ್ಯಾಸಿಯಂ, ರಂಜಕಗಳ ಹಿಡಿತ ಕಾಯಿಲೆಯವರಿಗೆ ಮಾತ್ರ. ಉಳಿದವರು ಮಧ್ಯಾಹ್ನ ಬಸಳೆಯನ್ನೂ ಪತ್ರೊಡೆಯನ್ನೂ ಧಾರಾಳ ತಿನ್ನಲಿ. ಉಪ್ಪಿನ ಮಾತು ಹಾಗಲ್ಲ. ದಿನಕ್ಕೆ 5 ಗ್ರಾಂ ಒಳಗೆ, ಎಂದರೆ ಒಂದು ಸಣ್ಣ ಚಮಚದೊಳಗೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದು ಆರೋಗ್ಯವಂತರಿಗೆ. ಕಿಡ್ನಿ ಕೆಡಲು ಮುಖ್ಯ ಕಾರಣಗಳು ಸಕ್ಕರೆ ಕಾಯಿಲೆ ಮತ್ತು ರಕ್ತದ ಒತ್ತಡ. ಎರಡೂ ಮನೆತನದಲ್ಲಿ ಹರಿದು ಬರುವಂಥವು. ತಂದೆಯ ಬಟ್ಟಲಿಗೆ ಸೋರೆಕಾಯಿ ಬಡಿಸಿ, ಮಗನ ಬಟ್ಟಲಿಗೆ ಹಪ್ಪಳ, ಒಣಮೀನು, ಉಪ್ಪಿನಕಾಯಿ ಬಡಿಸುವ ಮನೆ ಇಪ್ಪತ್ತು ವರ್ಷ ಕಳೆದು ಇನ್ನೊಂದು ಸಣ್ಣ ಪಾತ್ರೆಗೆ ಇಂದೇ ಸಿದ್ಧತೆ ಮಾಡುತ್ತಿದೆ.

ಉಪ್ಪಿಗೆ ಅಡ್ಡದಾರಿ ಹುಡುಕುವವರಿಗೂ ಒಂದು ಮಾತು. ಇಂದುಪ್ಪು ಕೂಡ ಉಪ್ಪೇ. ಅಂಗಡಿಯಲ್ಲಿ ಸಿಗುವ 'ಸೋಡಿಯಂ ಕಡಿಮೆ' ಉಪ್ಪಿನಲ್ಲಿ ಸೋಡಿಯಂನ ಜಾಗಕ್ಕೆ ತುಂಬಿರುವುದು ಪೊಟ್ಯಾಸಿಯಂ. 2025ರ ಜನವರಿಯಲ್ಲಿ ಅಂಥ ಉಪ್ಪನ್ನು ವಯಸ್ಕರಿಗೆ ಶಿಫಾರಸು ಮಾಡಿದ ವಿಶ್ವ ಆರೋಗ್ಯ ಸಂಸ್ಥೆಯೇ ಕಿಡ್ನಿ ಕಾಯಿಲೆಯವರನ್ನು ಆ ಸಲಹೆಯಿಂದ ಹೊರಗಿಟ್ಟಿದೆ.

ಕೊನೆಗೆ, ನನ್ನ ಸಿಟ್ಟಿಗೆ ನಿಜವಾದ ಕಾರಣ ಬೇರೆಯೇ ಇದೆ. ಗಂಡನಿಗೋ ಮಾವನಿಗೋ ಕಾಯಿಲೆಯಾದರೆ ಕಡೇಪಕ್ಷ ಆ ಸಣ್ಣ ಪಾತ್ರೆಯಾದರೂ ಒಲೆ ಏರುತ್ತದೆ. ಮನೆಯ ಹೆಂಗಸಿಗೇ ಕಾಯಿಲೆಯಾದರೆ? "ನನ್ನೊಬ್ಬಳಿಗೆ ಅಂತ ಎಂತ ಬೇರೆ ಮಾಡುದು" ಎಂದು ಅವಳು ಎಲ್ಲರ ರುಚಿಗೆ ಉಪ್ಪು ಹಾಕಿ ಬಡಿಸಿ, ಕೊನೆಗೆ ತಳದಲ್ಲಿ ಉಳಿದದ್ದನ್ನೇ ತಾನೂ ಉಣ್ಣುತ್ತಾಳೆ. ಅವಳಿಗೆ ಬೇರೆ ಪಾತ್ರೆಯೂ ಇಲ್ಲ, ಪಥ್ಯವೂ ಇಲ್ಲ. ಇದು ನನ್ನ ಕಲ್ಪನೆ ಎನ್ನುವವರು ಸರ್ಕಾರಿ ಲೆಕ್ಕವನ್ನೇ ನೋಡಲಿ. ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆಯ ಅಂಕಿ ಅಂಶದಂತೆ 1995ರಿಂದ 2021ರವರೆಗೆ ದೇಶದಲ್ಲಿ ನಡೆದ ಅಂಗಾಂಗ ಕಸಿಗಳು 36,640. ಅದರಲ್ಲಿ ಅಂಗ ಪಡೆದ ಹೆಂಗಸರು 6,945, ಉಳಿದವರೆಲ್ಲ ಗಂಡಸರು. ಬದುಕಿರುವಾಗಲೇ ಅಂಗ ಕೊಟ್ಟವರಲ್ಲಿ ಬಹುಪಾಲು ಹೆಂಗಸರು, ಎಂದರೆ ತಾಯಂದಿರು, ಹೆಂಡಂದಿರು. ಕಿಡ್ನಿ ಕೊಡುವವಳೂ ಅವಳೇ, ಪಥ್ಯ ಬೇಯಿಸುವವಳೂ ಅವಳೇ. ತನಗೆ ಬಂದಾಗ ಮಾತ್ರ ಕೊಡುವವರಿಲ್ಲ, ಬೇಯಿಸುವವರೂ ಇಲ್ಲ.

ಆದ್ದರಿಂದಲೇ ಪಾತ್ರೆ ಒಂದೇ ಆಗಬೇಕು ಎನ್ನುತ್ತೇನೆ. ಮನೆಯ ಅಡುಗೆಯೇ ಪಥ್ಯಕ್ಕೆ ಹೊಂದಿಕೊಂಡರೆ ಅವಳು ತನಗಾಗಿ ಯಾರನ್ನೂ ಕೇಳಿಕೊಳ್ಳಬೇಕಾಗಿಲ್ಲ, ಬೇಡ ಎನ್ನಲೂ ಬೇಕಾಗಿಲ್ಲ. ಆಸ್ಪತ್ರೆಯವರಿಗೆ ನನ್ನದೊಂದು ಬೇಡಿಕೆ: ಹಾಳೆಯನ್ನು ಕನ್ನಡದಲ್ಲಿ ಕೊಡಿ, ತುಳು, ಕೊಂಕಣಿ, ಬ್ಯಾರಿಯಲ್ಲಿ ಹೇಳಿ ವಿವರಿಸಿ. ಏನು ಬೇಡ ಎನ್ನುವ ಮುಂಚೆ ಇವತ್ತು ರಾತ್ರಿ ಏನು ಉಣ್ಣಬಹುದು ಎಂದು ಹೇಳಿ. ಕೇಳಿಸಿಕೊಳ್ಳಲು ಗಂಡನನ್ನೂ ಮಗನನ್ನೂ ಒಳಗೆ ಕರೆಯಿರಿ, ತರಕಾರಿ ಬೇಯಿಸಿ ನೀರು ಚೆಲ್ಲಲು ಅವರಿಗೂ ಕೈಗಳಿವೆ. ನನ್ನ ಗೆಳತಿಯರಿಗೆ ಹೇಳುವುದಿಷ್ಟೆ: ಇವತ್ತಿನ ರಾತ್ರಿಯಡುಗೆಯಿಂದಲೇ ಆ ಸಣ್ಣ ಪಾತ್ರೆಯನ್ನು ತೊಳೆದು ಅಟ್ಟಕ್ಕೆ ಸೇರಿಸಿ.