ಪೈಥಾನ್ ಭಾಷೆಯೂ ಮುದ್ರೆಯುಂಗುರವೂ

ಅಶೋಕವನದಲ್ಲಿ ಹನುಮಂತನನ್ನು ಕಂಡ ಸೀತಾದೇವಿಯು ಮೊದಲು ಅವನನ್ನು ನಂಬಲಿಲ್ಲವೆಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ತಿಳಿದ ಕಥೆ. ಸನ್ಯಾಸಿಯ ವೇಷವನ್ನು ನಂಬಿ ಒಮ್ಮೆ ಕೆಟ್ಟಿದ್ದ ಆಕೆ, ಈ ಕಪಿಯೂ ರಾವಣನ ಮತ್ತೊಂದು ಮಾಯಾರೂಪವಾಗಿರಬಹುದೆಂದು ಶಂಕಿಸಿದಳು. ರಾಮನಾಮಾಂಕಿತವಾದ ಉಂಗುರವನ್ನು ಕೈಗೆ ತೆಗೆದುಕೊಂಡು ನೋಡಿದ ಬಳಿಕ ಆ ಶಂಕೆ ಪೂರ್ಣವಾಗಿ ನೀಗಿತು. ಕಂಪ್ಯೂಟರುಗಳು ಒಂದರೊಡನೊಂದು ಗುಟ್ಟಾಗಿ ಮಾತನಾಡುವ ಏರ್ಪಾಡಿನಲ್ಲಿಯೂ ಇಂತಹದೊಂದು ಉಂಗುರವುಂಟು. ಆದರೆ ಲೋಕದಲ್ಲಿ ಬಹುಜನರು ಬಳಸುವ ಒಂದು ಕಂಪ್ಯೂಟರ್ ಭಾಷೆಯು, 2014ರ ಕೊನೆಯವರೆಗೂ, ತಾನಾಗಿ ಆ ಉಂಗುರವನ್ನು ನೋಡದೆಯೇ ಬಂದವರನ್ನೆಲ್ಲ ನಂಬುತ್ತಿದ್ದಿತು. ಆ ವೃತ್ತಾಂತವನ್ನು ಈ ತಿಂಗಳು ವಾಚಕರ ಮುಂದಿಡುತ್ತೇನೆ.

ಭಾಷೆಯ ಹೆಸರು ಪೈಥಾನ್. ಹಾಲೆಂಡ್ ದೇಶದ ಗೀಡೋ ವಾನ್ ರಾಸಮ್ ಎಂಬವರು ಅದನ್ನು ರಚಿಸಿ 1991ರಲ್ಲಿ ಪ್ರಕಟಿಸಿದರು. ಹೆಬ್ಬಾವಿಗೂ ಈ ಹೆಸರಿಗೂ ಸಂಬಂಧವಿಲ್ಲ. ಇಂಗ್ಲೆಂಡಿನ ಒಂದು ಹಾಸ್ಯ ಕಾರ್ಯಕ್ರಮದಿಂದ ಎತ್ತಿಕೊಂಡದ್ದು. ಇಂತಹ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು ಎಲ್ಲವನ್ನೂ ಮೊದಲಿನಿಂದ ಬರೆಯುವುದಿಲ್ಲ. ಪದೇ ಪದೇ ಬೇಕಾಗುವ ಕೆಲಸಗಳನ್ನು ಬಲ್ಲವರು ಒಮ್ಮೆ ಬರೆದು ಭಾಷೆಯೊಡನೆಯೇ ಒದಗಿಸಿರುತ್ತಾರೆ. ಇದಕ್ಕೆ ಲೈಬ್ರರಿಯೆಂದು ಹೆಸರಾದರೂ, ಪುಸ್ತಕಭಂಡಾರವೆನ್ನುವುದಕ್ಕಿಂತ ಉಗ್ರಾಣವೆಂದರೆ ಅರ್ಥವು ಹೆಚ್ಚು ಸರಿಹೋದೀತು. ಅಡಿಗೆಯವರು ಉಗ್ರಾಣದ ಅಕ್ಕಿಯನ್ನು ಆರಿಸಿದ ಅಕ್ಕಿಯೆಂದೇ ನಂಬಿ ಒಲೆಯ ಮೇಲಿಡುತ್ತಾರೆ. ಊಟಕ್ಕೆ ಕುಳಿತವರಂತೂ ಉಗ್ರಾಣವನ್ನು ಕಂಡೇ ಇರುವುದಿಲ್ಲ.

ಆ ಊಟಕ್ಕೆ ಕುಳಿತವರು ನಾವೇ. “ನಮ್ಮ ಮನೆಯಲ್ಲಿ ಯಾರೂ ಪ್ರೋಗ್ರಾಂ ಬರೆಯುವವರಿಲ್ಲ, ಈ ಚರ್ಚೆ ನಮಗೇಕೆ?” ಎಂದು ಗೃಹಿಣಿಯರು ಕೇಳಬಹುದು. ನಾವು ಅಂಗಡಿಗೆ, ಆಸ್ಪತ್ರೆಗೆ, ಶಾಲೆಗೆ ಕೊಟ್ಟ ಹೆಸರು, ವಿಳಾಸ, ಹಣದ ಲೆಕ್ಕ ಇವೆಲ್ಲವೂ ಅಲ್ಲಿಂದ ಮುಂದಕ್ಕೆ ಯಂತ್ರದಿಂದ ಯಂತ್ರಕ್ಕೆ ಪ್ರಯಾಣ ಮಾಡತಕ್ಕವು. ನಾವೇ ಬ್ರೌಸರನ್ನು ತೆರೆದು ನೋಡುವಾಗ ಸಂಶಯವಿದ್ದರೆ ಅದು ಎಚ್ಚರಿಕೆಯನ್ನು ತೋರಿಸುತ್ತದೆ, ನಾವು ಹಿಂದೆಗೆಯಬಹುದು. ನಡುರಾತ್ರಿಯಲ್ಲಿ ತಾನಾಗಿ ಓಡುವ ಪ್ರೋಗ್ರಾಮಿನ ಮುಂದೆ ಯಾರೂ ಕುಳಿತಿರುವುದಿಲ್ಲ. ಅದಕ್ಕೆ ವಿವೇಕವನ್ನು ಮೊದಲೇ ಕಟ್ಟಿಕೊಟ್ಟಿರಬೇಕು.

ಇನ್ನು ಉಂಗುರದ ಸಂಗತಿ. ಒಂದು ಯಂತ್ರವು ಬ್ಯಾಂಕಿನ ಯಂತ್ರದೊಡನೆ ಗುಟ್ಟಿನ ಮಾತನ್ನು ಆರಂಭಿಸಬೇಕಾದಾಗ ಬ್ಯಾಂಕಿನ ಯಂತ್ರವು ತನ್ನ ಪ್ರಮಾಣಪತ್ರವನ್ನು, ಎಂದರೆ ಸರ್ಟಿಫಿಕೇಟನ್ನು, ಒಪ್ಪಿಸುತ್ತದೆ. ಅದರಲ್ಲಿ ಬ್ಯಾಂಕಿನ ಅಂತರ್ಜಾಲದ ಹೆಸರೂ, ಅವಧಿಯೂ, ಪತ್ರವನ್ನು ಕೊಟ್ಟ ಅಧಿಕಾರಿ ಸಂಸ್ಥೆಯ ಸಹಿಯೂ ಇರುತ್ತವೆ. ಪತ್ರವನ್ನು ಪಡೆದ ಯಂತ್ರವು ಮೂರು ವಿಷಯಗಳನ್ನು ಪರೀಕ್ಷಿಸಬೇಕು: ಸಹಿ ಹಾಕಿದವರು ತನ್ನ ಬಳಿಯಿರುವ ನಂಬಿಕಸ್ಥರ ಪಟ್ಟಿಯವರಿಗೆ ಸೇರಿದವರೆ, ಅವಧಿ ಮೀರಿಲ್ಲವೆ, ಪತ್ರದಲ್ಲಿರುವ ಹೆಸರು ತಾನು ಕರೆದ ಹೆಸರೇ ಹೌದೆ. ಈ ಮೂರನೆಯದು ಅತಿ ಮುಖ್ಯ. ಅದನ್ನು ಬಿಟ್ಟರೆ, ಬೇರೊಬ್ಬನು ತನ್ನದೇ ಹೆಸರಿನ ಸಾಚಾ ಪತ್ರವನ್ನು ತೋರಿಸಿ ಬ್ಯಾಂಕಿನ ಸ್ಥಾನದಲ್ಲಿ ಕುಳಿತುಬಿಡಬಹುದು.

ಪೈಥಾನ್ ಭಾಷೆಯ 2.6ನೆಯ ಆವೃತ್ತಿಯಲ್ಲಿ, ಎಂದರೆ 2008ರಲ್ಲಿ, ಗುಟ್ಟಿನ ಸಂಪರ್ಕಕ್ಕೆ ಬೇಕಾದ ಭಾಗವು ಉಗ್ರಾಣಕ್ಕೆ ಸೇರಿತು. ಮಾತುಗಳನ್ನು ಸಂಕೇತಲಿಪಿಗೆ ಇಳಿಸುವ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತಿದ್ದಿತು. ಆದರೆ ಪ್ರೋಗ್ರಾಂ ಬರೆಯುವವನು ವಿಶೇಷವಾಗಿ ಕೇಳದ ಹೊರತು ಪ್ರಮಾಣಪತ್ರದ ಪರೀಕ್ಷೆಯನ್ನು ಮಾಡುತ್ತಿರಲಿಲ್ಲ. ಪರಿಣಾಮವೇನೆಂದರೆ, ನಡುವೆ ಬಂದು ಕುಳಿತ ಕಳ್ಳನೊಡನೆ, ಬೇರಾರಿಗೂ ಕೇಳಿಸದಂತೆ, ಪರಮ ಗೋಪ್ಯವಾಗಿ ಸಂಭಾಷಣೆ ನಡೆಯುವುದು! ಸಂಕೇತಲಿಪಿಯಿಂದ ಕಳ್ಳನಿಗೇ ಉಪಕಾರವಾಯಿತೆಂದರೂ ತಪ್ಪಾಗದು.

ಇದನ್ನು ಕಟ್ಟಿದವರು ಅವಿವೇಕಿಗಳೆಂದು ತಿಳಿಯತಕ್ಕದ್ದಲ್ಲ. ನಂಬಿಕಸ್ಥರ ಪಟ್ಟಿಯಿಲ್ಲದೆ ಪರೀಕ್ಷೆ ಸಾಧ್ಯವಿಲ್ಲ. ಆ ಪಟ್ಟಿಯನ್ನು ವಿಂಡೋಸ್ ಒಂದೆಡೆ, ಲಿನಕ್ಸ್ ಮತ್ತೊಂದೆಡೆ ಇಟ್ಟುಕೊಂಡಿರುತ್ತವೆ. ಭಾಷೆಯೊಡನೆ ಪಟ್ಟಿ ಬರುತ್ತಿರಲಿಲ್ಲ. ಹೀಗಿರಲು ಬಾಗಿಲನ್ನು ತೆರೆದೇ ಇಟ್ಟು, ಪರೀಕ್ಷೆ ನಡೆಯುವುದಿಲ್ಲವೆಂಬ ಎಚ್ಚರಿಕೆಯನ್ನು ಕೈಪಿಡಿಯಲ್ಲಿ ಅಚ್ಚುಹಾಕಿದರು. ಕೈಪಿಡಿಯ ಎಚ್ಚರಿಕೆಗಳನ್ನು ಎಷ್ಟು ಮಂದಿ ಓದುತ್ತಾರೆಂಬುದನ್ನು ಔಷಧದ ಸೀಸೆಗಳನ್ನು ಕೊಂಡವರೆಲ್ಲರೂ ಬಲ್ಲರು.

ದೋಷವು ಒಂದು ಭಾಷೆಗೆ ಮಾತ್ರ ಸೇರಿದ್ದಾಗಿರಲಿಲ್ಲ. 2012ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡ್ ಮತ್ತು ಟೆಕ್ಸಾಸ್ ವಿಶ್ವವಿದ್ಯಾನಿಲಯಗಳ ವಿದ್ವಾಂಸರು ಬ್ರೌಸರಲ್ಲದ ಪ್ರೋಗ್ರಾಮುಗಳನ್ನು ಶೋಧಿಸಿ ಪ್ರಬಂಧವೊಂದನ್ನು ಪ್ರಕಟಿಸಿದರು. ಹಣಪಾವತಿಗೆ ಸಂಬಂಧಿಸಿದ ಪ್ರೋಗ್ರಾಮುಗಳಲ್ಲಿಯೂ ಪರೀಕ್ಷೆ ಮುರಿದಿದ್ದುದು ಆಗ ತಿಳಿಯಿತು. ಅದರಲ್ಲಿ ಒಂದು ಸಂಗತಿ ಬಹು ಸ್ವಾರಸ್ಯವಾದುದು. ಕರ್ಲ್ ಎಂಬ ಪ್ರಸಿದ್ಧ ಲೈಬ್ರರಿಯಲ್ಲಿ ಹೆಸರನ್ನು ಪರೀಕ್ಷಿಸಬೇಕಾದರೆ ಆಗ 2 ಎಂಬ ಅಂಕೆಯನ್ನು ಕೊಡಬೇಕಾಗಿದ್ದಿತು. ಏನನ್ನೂ ಕೊಡದಿದ್ದರೂ ಅದು 2 ಎಂದೇ ತಿಳಿಯುತ್ತಿದ್ದಿತು. ಎಚ್ಚರಿಕೆಯುಳ್ಳ ಬರೆಹಗಾರರು “ಹೌದು, ಪರೀಕ್ಷಿಸು” ಎಂದು ಬರೆದರು. ಯಂತ್ರದ ಲೆಕ್ಕದಲ್ಲಿ “ಹೌದು” ಎಂದರೆ 1. 1 ಎಂದರೆ ಆಗ ಹೆಸರೊಂದು ಇದೆಯೆ ಎಂದಷ್ಟೇ ನೋಡುವುದು, ಯಾರ ಹೆಸರೆಂದು ಕೇಳುವುದಲ್ಲ. ಸುಮ್ಮನಿದ್ದವರು ಕ್ಷೇಮವಾಗಿದ್ದರು, ಜಾಗರೂಕರು ಕೆಟ್ಟರು! ಅದೇ ವರ್ಷ ಆ ಲೈಬ್ರರಿಯವರು 1 ಎಂಬುದನ್ನು ಸ್ವೀಕರಿಸುವುದನ್ನೇ ನಿಲ್ಲಿಸಿದರು.

ಪೈಥಾನಿನ ವಿಷಯದಲ್ಲಿ 2014ರ ಆಗಸ್ಟಿನಲ್ಲಿ ಅಲೆಕ್ಸ್ ಗೇನರ್ ಎಂಬವರು 476ನೆಯ ಸಂಖ್ಯೆಯ ಪ್ರಸ್ತಾಪವನ್ನು ಮಂಡಿಸಿದರು. ಎಚ್.ಟಿ.ಟಿ.ಪಿ.ಎಸ್. ಎಂಬುದರ ಕೊನೆಯ ಅಕ್ಷರವು ಸುರಕ್ಷಿತವೆಂಬ ಅರ್ಥವನ್ನು ಸೂಚಿಸತಕ್ಕದ್ದು. ಅದನ್ನು ಬರೆದವನಿಗೆ ಸುರಕ್ಷಿತ ಸಂಪರ್ಕವೇ ದೊರೆಯಬೇಕು ಎಂಬುದು ಅದರ ಸಾರ. ಪಟ್ಟಿಯನ್ನು ಆಯಾ ಕಂಪ್ಯೂಟರಿನ ವ್ಯವಸ್ಥೆಯಿಂದಲೇ ತೆಗೆದುಕೊಳ್ಳುವುದೆಂದಾಯಿತು. ಇದು ಜಾಣತನ. ಏಕೆಂದರೆ ಪತ್ರ ಕೊಡುವ ಅಧಿಕಾರಿಗಳೂ ಕೆಲವೊಮ್ಮೆ ಕೆಡುವುದುಂಟು. ಹಾಲೆಂಡಿನ ಡಿಜಿನೋಟಾರ್ ಎಂಬ ಸಂಸ್ಥೆಗೆ 2011ರಲ್ಲಿ ಕನ್ನ ಬಿದ್ದು, ಗೂಗಲಿನ ಹೆಸರಿನಲ್ಲಿ ಖೋಟಾ ಪತ್ರ ಹೊರಟು, ಸಂಸ್ಥೆಯೇ ದಿವಾಳಿಯಾಯಿತು. ನಮ್ಮ ದೇಶದಲ್ಲಿಯೂ ಎನ್.ಐ.ಸಿ.ಯ ಅಧಿಕಾರದಿಂದ ಗೂಗಲಿನ ಹೆಸರಿಗೆ ಅನಧಿಕೃತ ಪತ್ರಗಳು ಹೊರಟಿದ್ದುದು 2014ರ ಜುಲೈಯಲ್ಲಿ ಬಯಲಾಯಿತು. ಇಂತಹವರ ಹೆಸರು ವ್ಯವಸ್ಥೆಯ ಪಟ್ಟಿಯಿಂದ ಹೋದರೆ, ಭಾಷೆಯೂ ಅವರನ್ನು ನಂಬುವುದನ್ನು ಬಿಡುತ್ತದೆ.

ಆಕ್ಷೇಪಣೆಗಳು ಬಾರದೆ ಇರಲಿಲ್ಲ. ಕಚೇರಿಗಳ ಒಳಗೆ ತಾವೇ ಸಹಿ ಹಾಕಿಕೊಂಡ ಪತ್ರಗಳಿಂದ ನಡೆಯುತ್ತಿದ್ದ ಯಂತ್ರಗಳು ಎಷ್ಟೋ ಇದ್ದುವು. 2.7.9 ಎಂಬಂತಹ ಸಣ್ಣ ಪರಿಷ್ಕರಣದಲ್ಲಿ ಹಳೆಯ ಪ್ರೋಗ್ರಾಮುಗಳು ನಿಲ್ಲಬಾರದೆಂಬುದು ಭಾಷೆಯವರ ಸಂಪ್ರದಾಯ. ನಿನ್ನೆ ನಡೆದುದು ಇಂದು ನಿಂತರೆ ಬೈಗಳು ಕಟ್ಟಿದವರಿಗೆ. ಈ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೂ ನಿಂತುಹೋದ ಪ್ರೋಗ್ರಾಂ ಕೂಗಿಕೊಳ್ಳುತ್ತದೆ, ಯಾರಾದರೂ ಬಂದು ಸರಿಪಡಿಸುತ್ತಾರೆ. ಕಳುವಾದ ಪಾಸ್‌ವರ್ಡು ಕೂಗುವುದಿಲ್ಲ. ಪರರ ಗುಟ್ಟನ್ನು ಹೊತ್ತವರು ತಮ್ಮ ಅನುಕೂಲವನ್ನು ಮುಂದಿಡುವುದು ನ್ಯಾಯವಲ್ಲ. 2014ರ ಡಿಸೆಂಬರಿನಲ್ಲಿ 2.7.9 ಹೊರಬಂದಿತು, 2015ರ ಫೆಬ್ರವರಿಯ 3.4.3ರಲ್ಲಿಯೂ ಅದೇ ನಿಯಮ ಜಾರಿಗೆ ಬಂದಿತು. ಹೆಸರನ್ನು ಹೋಲಿಸುವ ಸಾಧನವು 2011ರ 3.2ನೆಯ ಆವೃತ್ತಿಯಲ್ಲಿಯೇ ಉಗ್ರಾಣದಲ್ಲಿದ್ದಿತೆಂಬುದನ್ನು ನೆನೆದರೆ, ಇದು ಇನ್ನೂ ಮುಂಚೆ ಆಗಬಹುದಾಗಿತ್ತೆಂದು ನನ್ನ ಅಭಿಪ್ರಾಯ.

ಕಷ್ಟಪಡುವವರಿಗಾಗಿ ಪರೀಕ್ಷೆಯನ್ನು ತಪ್ಪಿಸುವ ಹಿತ್ತಿಲ ಬಾಗಿಲನ್ನೂ ಇಟ್ಟರು. ಅದರ ಹೆಸರು ಅಡಿಗೆರೆಯಿಂದ ಆರಂಭವಾಗುತ್ತದೆ. ಆ ಭಾಷೆಯ ರೂಢಿಯಲ್ಲಿ ಅಡಿಗೆರೆಯೆಂದರೆ “ಇದು ಒಳಮನೆ, ಹೊರಗಿನವರು ಕೈಹಾಕಬೇಡಿ” ಎಂದು ಸೂಚನೆ. ಫಲವೇನಾಯಿತೆಂದರೆ, ತೊಂದರೆ ಬಂದೊಡನೆ ಪರೀಕ್ಷೆಯನ್ನೇ ಕಿತ್ತುಹಾಕುವ ಆ ಒಂದು ಸಾಲನ್ನು ಒಬ್ಬರಿಂದೊಬ್ಬರು ನಕಲುಮಾಡಿಕೊಳ್ಳುವುದು ವಾಡಿಕೆಯಾಯಿತು. ತಾತ್ಕಾಲಿಕವೆಂದು ಬರೆದ ಸಾಲನ್ನು ಅಳಿಸಲು ಯಾರಿಗೂ ಬಿಡುವಿರುವುದಿಲ್ಲ.

ಮುಂದಿನ ವರ್ಷಗಳಲ್ಲಿ ಬಿಗಿ ಹೆಚ್ಚುತ್ತಲೇ ಬಂದಿದೆ. 2021ರ 3.10ನೆಯ ಆವೃತ್ತಿಯು ಹಳೆಯ ಟಿ.ಎಲ್.ಎಸ್. 1.0, 1.1 ಪದ್ಧತಿಗಳನ್ನು ಕೇಳದೆ ಬಳಸುವುದನ್ನು ಬಿಟ್ಟಿತು. 2023ರ 3.12ರಲ್ಲಿ ಪರೀಕ್ಷೆಯಿಲ್ಲದೆ ಸಂಪರ್ಕ ಕೊಡುತ್ತಿದ್ದ ಹಳೆಯ ಸಾಧನವನ್ನು ಉಗ್ರಾಣದಿಂದ ಹೊರಹಾಕಿದರು. 2024ರ 3.13ರಲ್ಲಿ ಪತ್ರದ ರಚನೆಯನ್ನೇ ಕಟ್ಟುನಿಟ್ಟಾಗಿ ನೋಡುವ ನಿಯಮ ಬಂದು, ಕಚೇರಿಗಳು ಸ್ವಂತವಾಗಿ ಮಾಡಿಕೊಂಡಿದ್ದ ಕೆಲವು ಪತ್ರಗಳು ಮತ್ತೆ ತಿರಸ್ಕೃತವಾದುವು.

2014ರ ತೀರ್ಮಾನವು ವೆಬ್ಬಿನ ಸಂಪರ್ಕಕ್ಕೆ ಮಾತ್ರ ಅನ್ವಯಿಸಿತು. ಅಂಚೆಯನ್ನು, ಎಂದರೆ ಇಮೇಲನ್ನು, ಕಳುಹಿಸುವ ಮತ್ತು ತರುವ ಭಾಗಗಳನ್ನು ಅದು ಮುಟ್ಟಲಿಲ್ಲ. ಅಲ್ಲಿ ಪರೀಕ್ಷೆ ನಡೆಯಬೇಕಾದರೆ ಬರೆಯುವವನು ಅದಕ್ಕೆ ಬೇಕಾದ ಏರ್ಪಾಡನ್ನು ತಾನೇ ಸಿದ್ಧಪಡಿಸಿ ಕೈಗೆ ಕೊಡತಕ್ಕದ್ದೆಂದು ಕೈಪಿಡಿಯು ಶಿಫಾರಸು ಮಾಡುತ್ತದೆ. ಮನೆಯ ಮಕ್ಕಳಲ್ಲಿ ಯಾರಾದರೂ ಇಂತಹ ಕೆಲಸದಲ್ಲಿದ್ದರೆ, ಮುಂದಿನ ಹಬ್ಬಕ್ಕೆ ಬಂದಾಗ, ಅವರ ಅಂಚೆಯ ಪ್ರೋಗ್ರಾಂ ಉಂಗುರವನ್ನು ನೋಡುತ್ತದೆಯೆ ಎಂದು ಕೇಳಿರಿ. ಉತ್ತರ ಹೇಳುವ ಮುನ್ನ ಅವರು ಒಮ್ಮೆ ಕಡತವನ್ನು ತೆರೆದು ನೋಡುವುದು ಒಳ್ಳೆಯದು.