ಫಾರ್ಮ್ಯಾಟ್ ಮಾಡುವ ಮುನ್ನ ಒಡೆಯ ಯಾರೆಂದು ನೋಡಿ

"ಫಾರ್ಮ್ಯಾಟ್ ಹೊಡಿರಿ ಸರ್, ಬ್ಯಾರೆ ದಾರಿ ಇಲ್ಲ." ನಮ್ಮ ಶಾಲೆಯ ಹಾರ್ಡ್ ಡಿಸ್ಕ್ ನೋಡಿ ರಿಪೇರಿ ಹುಡುಗ ಹೇಳಿದ ಮಾತಿದು. ಅದರಲ್ಲಿದ್ದದ್ದು 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ವಿಡಿಯೊ. ಅಂದು ಕಾಸರಗೋಡು, ಮಂಗಳೂರಿನವರಿಗೆ ಕಂಕಣ ಕಂಡಿತ್ತು. ಗೋವಾದಲ್ಲಿ ನಮಗೆ ಪಾರ್ಶ್ವಗ್ರಹಣ. ನಾತಾಳದ ರಜೆಯಿದ್ದರೂ ಬಂದಿದ್ದ ಮಕ್ಕಳು, ಮರದ ಎಲೆಗಳ ಸಂದಿಯಿಂದ ಅಂಗಳಕ್ಕೆ ಬಿದ್ದ ಕುಡುಗೋಲಿನಾಕಾರದ ಬಿಸಿಲುಚುಕ್ಕೆಗಳನ್ನು ತಾವೇ ಚಿತ್ರೀಕರಿಸಿದ್ದರು. ದಕ್ಷಿಣ ಭಾರತಕ್ಕೆ ಇನ್ನೊಂದು ಕಂಕಣಗ್ರಹಣ ಬರುವುದು 2031ರ ಮೇ 21ಕ್ಕೆ. ಫಾರ್ಮ್ಯಾಟ್ ಹೊಡಿ ಅಂದರೆ ಹೊಡೆಯಲಾದೀತೆ?

ಡಿಸ್ಕ್ ಕೆಟ್ಟಿರಲಿಲ್ಲ. ಫೋಲ್ಡರ್ ಕಾಣುತ್ತಿತ್ತು, ಒತ್ತಿದರೆ "ತೆರೆಯಲು ನಿಮಗೆ ಅನುಮತಿ ಇಲ್ಲ" ಎಂಬ ಉತ್ತರ. ವಿಡಿಯೊ ಎಡಿಟ್ ಮಾಡುತ್ತಿದ್ದ ಶಿಕ್ಷಕಿ, ಮಕ್ಕಳು ಅಪ್ಪಿತಪ್ಪಿ ಅಳಿಸಿಯಾರು ಎಂದು ತಮ್ಮ ಅಕೌಂಟಿಗೆ ಮಾತ್ರ ಅನುಮತಿ ಇಟ್ಟಿದ್ದರು. ಅವರಿಗೆ ವರ್ಗವಾಯಿತು, ಹಳೆಯ ಲ್ಯಾಪ್‌ಟಾಪ್ ಸತ್ತಿತು. ಹೊಸ ಕಂಪ್ಯೂಟರಿನಲ್ಲೂ ಅದೇ "ಟೀಚರ್" ಎಂಬ ಹೆಸರಿನ ಅಕೌಂಟ್ ಮಾಡಿದೆವು. ಆದರೂ ತೆರೆಯಲಿಲ್ಲ.

ಯಾಕೆಂದರೆ ಕಂಪ್ಯೂಟರ್ ಹೆಸರನ್ನು ನೋಡುವುದೇ ಇಲ್ಲ, ಸಂಖ್ಯೆಯನ್ನು ನೋಡುತ್ತದೆ. ವಿಂಡೋಸಿನ ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಿ ಪ್ರತಿ ಕಡತಕ್ಕೂ ಒಡೆಯರೊಬ್ಬರು, ಜೊತೆಗೊಂದು ಅನುಮತಿ ಪಟ್ಟಿ. ಪಟ್ಟಿಯಲ್ಲಿ ಬರೆದಿರುವುದು ಎಸ್-1-5-21 ಎಂದು ಶುರುವಾಗುವ ಉದ್ದನೆಯ ಸಂಖ್ಯೆ. ಎರಡು ಕಂಪ್ಯೂಟರಿನ ಇಬ್ಬರು "ಟೀಚರ್"ಗಳ ಸಂಖ್ಯೆ ಬೇರೆ ಬೇರೆ. ನಮ್ಮ ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದರೆ ಹಾಜರಿ ಸಂಖ್ಯೆ ನೋಡುವುದಿಲ್ಲವೇ, ಹಾಗೆ.

ಕಾಸರಗೋಡಿನ ಕನ್ನಡ ಶಾಲೆಗಳವರು ಇದನ್ನು ಓದುತ್ತಿದ್ದರೆ, ಕಥೆ ನಿಮ್ಮಲ್ಲೂ ಅದೇ. ಕೇರಳದ ಕೈಟ್ ಸಂಸ್ಥೆ ಶಾಲೆಗಳಿಗೆ ಕೊಟ್ಟಿರುವುದು ಉಬುಂಟು ಆಧಾರಿತ ವ್ಯವಸ್ಥೆ. ಅಲ್ಲಿ ಮೊದಲ ಬಳಕೆದಾರ 1000, ಎರಡನೆಯವ 1001. ಒಂದು ಯಂತ್ರದಲ್ಲಿ 1001 ಆಗಿದ್ದವರು ಇನ್ನೊಂದರಲ್ಲಿ 1000 ಆದರೆ ತಾವೇ ಎಡಿಟ್ ಮಾಡಿದ ವಿಡಿಯೊಗೆ ತಾವೇ ಪರಕೀಯರು.

ಹಾಗಂತ ಡಿಸ್ಕಿಗೆ ಬರೆಯಲಾಗದ್ದೆಲ್ಲ ಪರ್ಮಿಷನ್ ಸಮಸ್ಯೆಯಲ್ಲ. ಮ್ಯಾಕ್ ಎನ್‌ಟಿಎಫ್‌ಎಸ್ ಡಿಸ್ಕನ್ನು ಓದುತ್ತದೆ, ಅದಕ್ಕೆ ಬರೆಯುವುದಿಲ್ಲ. ವಿಂಡೋಸನ್ನು ಪೂರ್ತಿ ಶಟ್‌ಡೌನ್ ಮಾಡದೆ ಡಿಸ್ಕ್ ಕಿತ್ತು ತಂದರೆ ಲಿನಕ್ಸ್ ಅದನ್ನು ಬರೀ ಓದಲು ಮಾತ್ರ ತೆರೆಯಬಹುದು. ರ‍್ಯಾನ್ಸಮ್‌ವೇರ್ ರಕ್ಷಣೆ ಆನ್ ಆಗಿದ್ದರೆ ವಿಂಡೋಸ್ ತಾನೇ ಎಡಿಟಿಂಗ್ ಸಾಫ್ಟ್‌ವೇರನ್ನು ವಿಡಿಯೋಸ್ ಫೋಲ್ಡರಿನಲ್ಲಿ ತಡೆದೀತು. ಕ್ಯಾಮೆರಾದ ಎಸ್‌ಡಿ ಕಾರ್ಡಿನ ಪಕ್ಕದ ಪುಟ್ಟ ಲಾಕ್ ಜಾರಿರುವುದೂ ಉಂಟು (ಅರ್ಧ ದಿನ ಇದಕ್ಕೇ ಕಳೆದವನು ನಾನು). ವಿಜ್ಞಾನ ಹೇಳಿಕೊಡುವ ನಾವು ಇಲ್ಲಿ ಮಾತ್ರ ಸಿಕ್ಕಸಿಕ್ಕ ಬಟನ್ ಒತ್ತುತ್ತೇವಲ್ಲ! ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬೇರೆ ಫೋಲ್ಡರಿನಲ್ಲಿ ಸಣ್ಣ ಕಡತ ಉಳಿಸಿ ನೋಡಿ, ಆಮೇಲೆ ಬೇರೆ ಕಂಪ್ಯೂಟರ್.

ನಮ್ಮ ಡಿಸ್ಕಿಗೆ ಮದ್ದು ಹತ್ತು ನಿಮಿಷದ್ದು. ಅಡ್ಮಿನಿಸ್ಟ್ರೇಟರ್ ಆಗಿ ಲಾಗಿನ್ ಆಗಿ, ಫೋಲ್ಡರಿನ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್‌ಗೆ ಹೋದರೆ ಮೇಲ್ಗಡೆ ಓನರ್ ಎಂದಿರುತ್ತದೆ. ಅಲ್ಲಿ ಹೆಸರಿನ ಬದಲು ಬರೀ ಸಂಖ್ಯೆ ಕಂಡರೆ ಒಡೆಯರು ಈ ಕಂಪ್ಯೂಟರಿಗೆ ಗೊತ್ತಿಲ್ಲದವರು ಎಂದರ್ಥ. ಚೇಂಜ್ ಒತ್ತಿ, ಒಳಗಿನ ಕಡತಗಳಿಗೂ ಅನ್ವಯಿಸುವ ಟಿಕ್ ಹಾಕಿ, ಹೊಸ ಒಡೆತನ ಕೊಟ್ಟೆವು. ಆಮೇಲೆ ಅನುಮತಿ ಸೇರಿಸಿದೆವು. ಗ್ರಹಣ ಸಿಕ್ಕಿತು. ಎನ್‌ಕ್ರಿಪ್ಟ್ ಮಾಡಿದ ಕಡತಕ್ಕೆ ಮಾತ್ರ ಈ ಮದ್ದು ನಾಟದು, ಅದಕ್ಕೆ ಕೀಲಿಯೇ ಬೇಕು. ಸಿ ಡ್ರೈವಿನ ಮೇಲಂತೂ ಈ ಪ್ರಯೋಗ ಬೇಡವೇ ಬೇಡ.

ಇಲ್ಲಿ ನನ್ನದೊಂದು ತಕರಾರಿದೆ. ಹೆಚ್ಚಿನವರು ಈ ಹಂತದಲ್ಲಿ "ಎವ್ರಿವನ್, ಫುಲ್ ಕಂಟ್ರೋಲ್" ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಲಿನಕ್ಸಿನವರು 777 ಹೊಡೆಯುತ್ತಾರೆ. ಆ ಶಿಕ್ಷಕಿ ಹೆದರಿದ್ದೇ ಇದಕ್ಕೆ. ಅವರ ಭಯ ಸರಿಯಾಗಿಯೇ ಇತ್ತು. ಕೀಲಿಯನ್ನು ಒಬ್ಬರ ಕೈಯಲ್ಲಿ ಇಟ್ಟದ್ದಷ್ಟೇ ತಪ್ಪು. ವಿಂಡೋಸಿನಲ್ಲಿ ಮೊದಲಿನಿಂದಲೇ ಇರುವ ಅಡ್ಮಿನಿಸ್ಟ್ರೇಟರ್ಸ್, ಯೂಸರ್ಸ್ ಎಂಬ ಗುಂಪುಗಳ ಸಂಖ್ಯೆ ಎಲ್ಲ ಕಂಪ್ಯೂಟರಿನಲ್ಲೂ ಒಂದೇ. ಒಡೆತನವನ್ನು ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೆ ಕೊಡಿ. ಮೂಲ ಚಿತ್ರೀಕರಣದ ಫೋಲ್ಡರ್ ಯೂಸರ್ಸ್‌ಗೆ ಓದಲು ಮಾತ್ರ ಇರಲಿ. ಎಡಿಟಿಂಗ್ ಕೆಲಸಕ್ಕೆ, ಸಾಫ್ಟ್‌ವೇರಿನ ತಾತ್ಕಾಲಿಕ ಕಡತಗಳಿಗೆ ಬೇರೆಯೇ ಫೋಲ್ಡರ್, ಅಲ್ಲಿ ಬರೆಯುವ ಅನುಮತಿಯೂ ಇರಲಿ. ಇನ್ನು ಒಂದೇ ಡಿಸ್ಕಿನೊಳಗೆ ಕಟ್-ಪೇಸ್ಟ್ ಮಾಡಿದ ಕಡತ ತನ್ನ ಹಳೆಯ ಅನುಮತಿಯನ್ನು ಹೊತ್ತೇ ಬರುತ್ತದೆ. ಕಾಪಿ ಮಾಡಿದರೆ ಹೊಸ ಫೋಲ್ಡರಿನದ್ದು ಅಂಟಿಕೊಳ್ಳುತ್ತದೆ. ಹಂಚುವ ಫೋಲ್ಡರಿಗೆ ಹಾಕುವಾಗ ಕಾಪಿಯೇ ಲೇಸು.

ವರ್ಗವಾದಾಗ ಪ್ರಯೋಗಾಲಯದ ಬೀಗದ ಕೈ, ದಾಸ್ತಾನು ಪುಸ್ತಕ ಸಹಿ ಮಾಡಿ ಒಪ್ಪಿಸುತ್ತೇವೆ. ಡಿಸ್ಕಿನ ಒಡೆತನವನ್ನೂ ಅದೇ ಪುಸ್ತಕದಲ್ಲಿ ಬರೆದು ಒಪ್ಪಿಸುವ ಪದ್ಧತಿ ನಮ್ಮ ಸಂಘದ ಶಾಲೆಗಳಲ್ಲಿ ಬರಬೇಕೆಂದು ನನ್ನ ಆಗ್ರಹ. ಮುಖ್ಯೋಪಾಧ್ಯಾಯರಿಗೆ ಇದರಿಂದ ಒಂದು ಸಾಲು ಹೆಚ್ಚಾದೀತು, ಅಷ್ಟೆ.

ಗ್ರಹಣದ ವಿಡಿಯೊ ಬೇಕಾದವರು ಮುಂದಿನ ಸಭೆಗೆ ಪೆನ್‌ಡ್ರೈವ್ ತನ್ನಿ. ಎಕ್ಸ್‌ಫ್ಯಾಟ್ ಆಗಿರಲಿ, ಕಡತ 4 ಜಿಬಿಗಿಂತ ದೊಡ್ಡದು, ಫ್ಯಾಟ್32ರಲ್ಲಿ ಕೂರುವುದಿಲ್ಲ.