ಹಂದಿಮರಿಗೆ ಎಷ್ಟು ಸತು ಬೇಕು?

ಮಗುವಿಗೆ ಭೇದಿಯಾದಾಗ ವೈದ್ಯರು ಓಆರ್‌ಎಸ್ ಪುಡಿಯ ಜೊತೆಗೆ ಸತುವಿನ ಮಾತ್ರೆಯನ್ನೂ ಬರೆದುಕೊಡುವುದು ತಾಯಂದಿರಿಗೆ ಗೊತ್ತು. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, 10ರಿಂದ 14 ದಿನ. ಇದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ಮಾಡಿದ ಶಿಫಾರಸು. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನ ಭತ್ತಕ್ಕೂ ಸತು ಬೇಕು. ಎಲೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಕಂಡರೆ ರೈತರು ಜಿಂಕ್ ಸಲ್ಫೇಟ್ ತರುತ್ತಾರೆ. ಆದರೆ ಇದೇ ಸತುವನ್ನು ಹಂದಿಮರಿಯ ಮೇವಿನಲ್ಲಿ ಕಡಿಮೆ ಮಾಡಿ ಎಂದು ವಿಜ್ಞಾನಿಗಳು ಹೇಳುತ್ತಿದ್ದಾರೆ. ಕಾರಣವೇನು?

ಮರಿಗೆ ನಾಲ್ಕು ವಾರವಾದಾಗ ತಾಯಿಯಿಂದ ಬೇರ್ಪಡಿಸುವುದು ಫಾರಂಗಳಲ್ಲಿ ರೂಢಿ. ಅಲ್ಲಿಯವರೆಗೆ ಹಾಲು ಕುಡಿದ ಹೊಟ್ಟೆಗೆ ದಿಢೀರನೆ ಜೋಳ, ಸೋಯಾ ಹಿಂಡಿ ಬೀಳುತ್ತದೆ. ಜಠರದಲ್ಲಿ ಆಮ್ಲ ಇನ್ನೂ ಸಾಲದು. ಜೀರ್ಣವಾಗದ ಪ್ರೋಟೀನು ಕೆಳಗಿಳಿದು ಇ. ಕೋಲೈ ಬ್ಯಾಕ್ಟೀರಿಯಕ್ಕೆ ಆಹಾರವಾಗುತ್ತದೆ. ನೀರು ನೀರಾದ ಭೇದಿಯಾಗಿ ಮರಿ ಸಾಯುವುದೂ ಉಂಟು.

ಇದಕ್ಕೆ ಡೆನ್ಮಾರ್ಕಿನಲ್ಲಿ 1980ರ ದಶಕದ ಕೊನೆಯಲ್ಲಿ ಒಂದು ಅಗ್ಗದ ಉಪಾಯ ಕಂಡುಕೊಂಡರು. ಮೇವಿಗೆ ಬಹಳ ಹೆಚ್ಚು ಸತುವಿನ ಆಕ್ಸೈಡ್ ಬೆರೆಸಿದರೆ ಭೇದಿ ಕಡಿಮೆಯಾಗುತ್ತದೆ! ಜಗತ್ತಿನ ಅನೇಕ ಕಡೆ ಇದು ಹರಡಿತು.

ವಿದ್ಯಾರ್ಥಿಗಳೇ, ಈಗ ಒಂದು ಸಣ್ಣ ಲೆಕ್ಕ. ಎಳೆ ಹಂದಿಯ ಬೆಳವಣಿಗೆಗೆ ಕಿಲೋ ಮೇವಿನಲ್ಲಿ ಸುಮಾರು 100 ಮಿಲಿಗ್ರಾಂ ಸತು ಸಾಕು. ಔಷಧಿಯಾಗಿ ಹಾಕುತ್ತಿದ್ದುದು 2,500 ಮಿಲಿಗ್ರಾಂ. ಎಂದರೆ 25 ಪಟ್ಟು. ಮರಿ ದಿನಕ್ಕೆ 300 ಗ್ರಾಂ ತಿಂದರೆ 750 ಮಿಲಿಗ್ರಾಂ, 14 ದಿನಕ್ಕೆ ಹತ್ತೂವರೆ ಗ್ರಾಂ ಸತು ಒಳಹೋಗುತ್ತದೆ. ಅದರಲ್ಲಿ ದೇಹಕ್ಕೆ ಹಿಡಿಯುವುದು ಅಲ್ಪ. ಉಳಿದದ್ದೆಲ್ಲ ಸಗಣಿಯಲ್ಲಿ ಹೊರಬೀಳುತ್ತದೆ.

ಐನೂರು ಮರಿಗಳಿಗೆ ಇದು ಐದು ಕಿಲೋ ಮೀರುತ್ತದೆ. ಒಂದು ಹೆಕ್ಟೇರ್ ಗದ್ದೆಗೆ ಹಾಕುವ 25 ಕಿಲೋ ಜಿಂಕ್ ಸಲ್ಫೇಟಿನಲ್ಲಿರುವ ಸತುವೂ ಸುಮಾರು ಇಷ್ಟೇ. "ಹಾಗಿದ್ದರೆ ಒಳ್ಳೆಯದಾಯಿತಲ್ಲ, ಗೊಬ್ಬರದಲ್ಲೇ ಸತು ಬಂತು" ಎನ್ನಬಹುದು. ಆದರೆ ಗದ್ದೆಗೆ ನಾವು ಕೊರತೆ ನೋಡಿ, ಅಳೆದು ಹಾಕುತ್ತೇವೆ. ಸಗಣಿಗೆ ಅಳತೆಯಿಲ್ಲ. ಸಾಗಣೆಯ ಖರ್ಚು ತಪ್ಪಿಸಲು ಅದು ಕೊಟ್ಟಿಗೆಯ ಪಕ್ಕದ ಹೊಲಕ್ಕೇ ವರ್ಷವರ್ಷ ಬೀಳುತ್ತದೆ. ಕೆ.ಆರ್. ಪೇಟೆ, ನಾಗಮಂಗಲದ ರಾಗಿ ಹೊಲವಾಗಲಿ, ತೆಂಗಿನ ತೋಟವಾಗಲಿ, ಸತು ಲೋಹವಾದ್ದರಿಂದ ಎಲೆಯಂತೆ ಕೊಳೆತು ಮಾಯವಾಗುವುದಿಲ್ಲ. ಒಮ್ಮೆ ಸೇರಿದ ಮೇಲೆ ತೆಗೆಯುವುದು ಕಷ್ಟ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದು. ಹೆಚ್ಚು ಸತುವನ್ನು ತಾಳಿಕೊಳ್ಳುವ ಬ್ಯಾಕ್ಟೀರಿಯಗಳಲ್ಲಿ ಕೆಲವಕ್ಕೆ ಆಂಟಿಬಯಾಟಿಕ್‌ಗಳನ್ನೂ ಎದುರಿಸುವ ಶಕ್ತಿ ಇರುತ್ತದೆ. ಸತು ಸುರಿದಂತೆಲ್ಲ ಅಂಥವೇ ಉಳಿದು ಬೆಳೆಯುತ್ತವೆ. ಇವೆರಡೂ ಕಾರಣಕ್ಕೆ ಐರೋಪ್ಯ ಒಕ್ಕೂಟ 2017ರಲ್ಲಿ ತೀರ್ಮಾನಿಸಿ, 2022ರ ಜೂನ್‌ನಿಂದ ಈ ಔಷಧಿ ಪ್ರಮಾಣವನ್ನು ನಿಲ್ಲಿಸಿತು. ಅಲ್ಲಿ ಈಗ ಮರಿಗಳ ಮೇವಿಗೆ ಮಿತಿ ಕಿಲೋಗೆ 150 ಮಿಲಿಗ್ರಾಂ.

ಆದರೆ ಸತು ನಿಲ್ಲಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಡೆನ್ಮಾರ್ಕಿನಲ್ಲಿ ಆ ಬಳಿಕ ಮರಿಗಳಿಗೆ ನಿಯೊಮೈಸಿನ್ ಕೊಡುವುದು ಹೆಚ್ಚಾಯಿತು. ಒಂದು ಕೈಯಿಂದ ಬಿಟ್ಟದ್ದನ್ನು ಇನ್ನೊಂದು ಕೈಯಿಂದ ಹಿಡಿದಂತಾಯಿತು. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಎಂಬ ಔಷಧಿಯನ್ನು ಪ್ರಾಣಿಗಳಿಗೆ ಕೊಡಬಾರದೆಂದು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿದ್ದೂ ಇದೇ ಭಯದಿಂದ. ಕೊಟ್ಟಿಗೆಯಲ್ಲಿ ಬೆಳೆದ ಬಲಿಷ್ಠ ಬ್ಯಾಕ್ಟೀರಿಯ ನಮ್ಮ ಮಕ್ಕಳ ಕಾಯಿಲೆಯಲ್ಲಿ ಎದುರಾಗಬಾರದಲ್ಲವೆ?

ಸರಿಯಾದ ದಾರಿ ಪಾಲನೆಯಲ್ಲಿದೆ. ಮರಿಯನ್ನು ಅವಸರದಿಂದ ಬಿಡಿಸದೆ ಐದಾರು ವಾರ ತಾಯಿಯ ಬಳಿ ಬಿಡುವುದು. ಹಾಲು ಕುಡಿಯುವಾಗಲೇ ಸ್ವಲ್ಪ ಸ್ವಲ್ಪ ಮೇವಿನ ರುಚಿ ಹತ್ತಿಸುವುದು. ಬಿಡಿಸಿದ ಮೊದಲ ವಾರಗಳಲ್ಲಿ ಹಿಂಡಿ ಕಡಿಮೆ ಮಾಡಿ, ಕೊರತೆ ಬೀಳುವ ಅಮೈನೊ ಆಮ್ಲಗಳನ್ನು ಪಶುವೈದ್ಯರ ಸಲಹೆಯಂತೆ ಸೇರಿಸುವುದು. ನೆಲ ಒಣಗಿರಬೇಕು, ಮಲಗುವ ಜಾಗ ಬೆಚ್ಚಗಿರಬೇಕು, ನೀರು ಶುದ್ಧವಾಗಿರಬೇಕು. ಬೇರೆ ಬೇರೆ ತಾಯಿಯ ಮರಿಗಳನ್ನು ಒಮ್ಮೆಲೇ ಬೆರೆಸಬಾರದು.

ಹಾಗೆಂದು ಸತುವನ್ನು ಪೂರ್ತಿ ಬಿಡುವಂತಿಲ್ಲ. ಕೊರತೆಯಾದರೆ ಹಂದಿಯ ಚರ್ಮ ದಪ್ಪಗಾಗಿ ಬಿರಿಯುತ್ತದೆಂದು 1955ರಲ್ಲೇ ತಿಳಿದಿತ್ತು. ಬೇಕಾದಷ್ಟು ಇರಲಿ, ಹೆಚ್ಚು ಬೇಡ.

ಮನೆಯಲ್ಲಿ ಹಂದಿ ಸಾಕುವ ಪಾಲಕರು ಮೇವಿನ ಚೀಲ ಕೊಳ್ಳುವಾಗ ಚೀಟಿಯ ಮೇಲೆ ಸತುವಿನ ಅಂಕಿಯನ್ನು ಮಕ್ಕಳಿಂದ ಓದಿಸಿ ನೋಡಿ. ನೂರರ ಆಸುಪಾಸಿದ್ದರೆ ಅದು ಆಹಾರ. ಸಾವಿರ ದಾಟಿದ್ದರೆ ಔಷಧಿ. ಔಷಧಿಯಾದರೆ ಪಶುವೈದ್ಯರನ್ನು ಕೇಳದೆ ಹಾಕಬೇಡಿ. ಏಳನೆಯ ತರಗತಿಯ ಗುಣಾಕಾರ ಬಂದರೆ ಈ ಪರೀಕ್ಷೆಗೆ ಸಾಕು.